ಬೋರ್ಡಿನಲ್ಲಿ ಮಕ್ಕಳ ಮನೆ, ಬಸ್ಸಿನಲ್ಲಿ ಅನಾಥಾಶ್ರಮ

ಈ ಮಕ್ಕಳ ಮನೆಗೆ ಬಂದ ಮೊದಲ ವಾರ ನಾನು ಬಡಿದ ರೊಟ್ಟಿಯನ್ನು ಯಾರೂ ತಾವಾಗಿ ತಗೊಳ್ಳಲಿಲ್ಲ. ಊಟ ಬಿಟ್ಟೇಳುವ ಅಭ್ಯಾಸ ಆ ಮಕ್ಕಳಿಗೆ ಇರಲಿಲ್ಲ. ಅಡುಗೆಯಮ್ಮ ಬಡಿದದ್ದು ಮುಗಿಯುವವರೆಗೆ ಕಾದು, ಇನ್ನು ಬೇರೆ ದಾರಿಯೇ ಇಲ್ಲ ಅಂತಾದ ಮೇಲೆ ನನ್ನದಕ್ಕೆ ಕೈ ಹಾಕುತ್ತಿದ್ದರು. ನಾನು ಉಡುಪಿ ಕಡೆಯವಳು. ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡು ಬೆಳೆದವಳು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಚೆನ್ನಾಗಿ ನಾದದಿದ್ದರೆ ಅಂಚು ಒಡೆಯುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ನನ್ನ ರೊಟ್ಟಿ ಭೂಪಟದ ಹಾಗಿರುತ್ತಿತ್ತು. ಒಬ್ಬಳು ಪುಟ್ಟ ಹುಡುಗಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಅಕ್ಕೋರ, ಇದರಾಗ ಗೋವಾ ಎಲ್ಲೈತ್ರಿ?" ಅಂತ ಕೇಳಿದಳು.

ಅದು 2009. ನನಗೆ ಇಪ್ಪತ್ತೇಳು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಸೇವೆಗೆ ಅಂತ ಕಳಿಸಿಕೊಟ್ಟಿದ್ದರು. ಎರಡು ಸೂಟ್‌ಕೇಸು, ಒಂದು ಬೈಬಲ್, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ. ಮಿಷನರಿ ಅಂದರೆ ಜನರ ಕಣ್ಣಿಗೆ ಬರುವುದು ದೊಡ್ಡ ಟೋಪಿ ಹಾಕಿದ ಬಿಳಿ ಸಾಹೇಬರು ಅಲ್ವಾ? ಆ ಕಾಲವೂ ಇತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗೆ ಬಂದಿದ್ದರು. ನಾನು ಹೋದದ್ದೂ ಹೆಚ್ಚುಕಡಿಮೆ ಅದೇ ದಾರಿ. ಅವರು ಎತ್ತಿನ ಗಾಡಿಯಲ್ಲಿ, ನಾನು ರಾತ್ರಿ ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಕಡೆ ಒಂದು ಊರು ಅಂತಷ್ಟೇ ಹೇಳುತ್ತೇನೆ. ಇಂಥ ಮನೆಯಲ್ಲಿರುವ ಮಕ್ಕಳ ಗುರುತು ಹೊರಗೆ ಬರಬಾರದು ಅಂತ ಕಾಯ್ದೆಯೇ ಇದೆ. ಹಾಗಾಗಿ ಇಲ್ಲಿ ಯಾರ ಹೆಸರೂ ಬರುವುದಿಲ್ಲ.

ಹೆಣ್ಣುಮಕ್ಕಳ ಮನೆ. ಈಗ ಇರುವುದು ಆರರಿಂದ ಹದಿನೆಂಟು ವರ್ಷದವರು. ಈ ಬರಹ ಬರೆಯುವ ಹೊತ್ತಿಗೆ ಮೂವತ್ತನಾಲ್ಕು ಮಂದಿ. ಗೇಟಿನ ಮೇಲಿನ ಬೋರ್ಡಿನಲ್ಲಿ ಮೊದಲು "ಅನಾಥಾಶ್ರಮ" ಅಂತಿತ್ತು. ನಾನು ಬಂದು ಮೂರು ವರ್ಷಕ್ಕೆ ಅದನ್ನು ಅಳಿಸಿ "ಮಕ್ಕಳ ಮನೆ" ಅಂತ ಬರೆಸಿದೆವು. ಬೋರ್ಡು ಬದಲಾಯಿತು, ಬಸ್ಸು ಬದಲಾಗಲಿಲ್ಲ. ಕಂಡಕ್ಟರ್ ಈಗಲೂ "ಯಾರ್ರೀ ಅನಾಥಾಶ್ರಮ, ಇಳೀರಿ" ಅಂತಲೇ ಕೂಗುತ್ತಾನೆ. ಶಾಲೆ ಚೀಲ ಹಾಕಿಕೊಂಡ ನಮ್ಮ ಹುಡುಗಿಯರು ತಲೆ ತಗ್ಗಿಸಿ ಇಳಿಯುತ್ತಾರೆ. ಕೆಲವರು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬರುತ್ತಾರೆ. ಬಿಸಿಲಿನಲ್ಲಿ ಯಾಕೆ ನಡೀತೀರಿ ಅಂತ ಬೈಯುತ್ತಿದ್ದೆ. ಕಾರಣ ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ತಮಾಷೆ ಅಂದರೆ, ಮೂವತ್ತನಾಲ್ಕರಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದವರು ಐದೇ ಮಂದಿ. ಉಳಿದವರಿಗೆ ಅಮ್ಮ ಇದ್ದಾಳೆ, ಇಲ್ಲ ಅಪ್ಪ ಇದ್ದಾನೆ, ಇಲ್ಲ ಇಬ್ಬರೂ ಇದ್ದು ಇಲ್ಲದ ಹಾಗಿದ್ದಾರೆ. ಕಬ್ಬು ಕಡಿಯಲು ಹೋಗುವ ಅಮ್ಮ, ಗೋವಾದಲ್ಲಿ ಕಟ್ಟಡ ಕೆಲಸ ಮಾಡುವ ಅಮ್ಮ, ಜೈಲಿನಲ್ಲಿರುವ ಅಪ್ಪ, ಎರಡನೇ ಮದುವೆಯಾದ ಮೇಲೆ ಹೊಸ ಗಂಡ "ಈ ಕೂಸು ಬ್ಯಾಡ" ಅಂದ ಮನೆ. ಬಡತನವನ್ನೇ ಅನಾಥತನ ಅಂತ ಕರೆಯುವ ಅಭ್ಯಾಸ ನಮಗೆ ಬಹಳ ಹಳೆಯದು. 1876–78ರ ದೊಡ್ಡ ಬರಗಾಲದಲ್ಲಿ ಈ ಸೀಮೆಯ ಮಿಷನ್ ಕಾಂಪೌಂಡುಗಳಿಗೆ ಬಂದ ಮಕ್ಕಳು ನಿಜವಾಗಿ ಎಲ್ಲರನ್ನೂ ಕಳೆದುಕೊಂಡವರು. ಈಗ ಬರುವವರು ಹಾಗಲ್ಲ. ಆದರೂ ಪದ ಮಾತ್ರ ಅದೇ ಉಳಿಯಿತು.

ನಾನು ಬಂದ ಹೊಸದರಲ್ಲಿ ಯಾರಾದರೂ ಮಗುವನ್ನು ಗೇಟಿಗೆ ತಂದು ಬಿಟ್ಟರೆ ಒಳಗೆ ಕರೆದು ಊಟ ಹಾಕಿ ಚಾಪೆ ಕೊಡುವುದೇ ಧರ್ಮ ಅಂತ ತಿಳಿದಿದ್ದೆ. ಹಿಂದಿನವರೂ ಹಾಗೇ ಮಾಡಿದ್ದರು. ಹಾಗೆ ಮಾಡುವ ಹಾಗಿಲ್ಲ. ಮಗು ಸಿಕ್ಕ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಸಮಿತಿಯಲ್ಲಿ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಎಲ್ಲಿರಬೇಕು ಅನ್ನುವುದು ಅವರ ಆದೇಶ, ನಮ್ಮ ಕರುಣೆ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಬಂದ ಮೇಲೆ ಪ್ರತಿ ಮನೆಯೂ ನೋಂದಣಿ ಮಾಡಿಸಲೇಬೇಕಾಯಿತು. ಪ್ರತಿ ಮಗುವಿಗೂ ಒಂದು ಫೈಲು, ಒಂದು ಆರೈಕೆ ಯೋಜನೆ, ಒಳಗೆ ಬಂದಾಗಿನ ತೂಕ, ಮೈಮೇಲಿನ ಗಾಯದ ಗುರುತು, ಎಲ್ಲ ಬರೆಯಬೇಕು. ನಮ್ಮ ಕೆಲವು ಹಿರಿಯರು "ಸರ್ಕಾರ ಸುಮ್ನೆ ಕಿರಿಕಿರಿ ಮಾಡುತ್ತೆ, ದೇವರ ಕೆಲಸಕ್ಕೆ ಫೈಲ್ ಯಾಕೆ" ಅಂತ ಗೊಣಗಿದರು. ನಾನೂ ಒಂದೆರಡು ವರ್ಷ ಗೊಣಗಿದ್ದೇನೆ. ಈಗ ಹಾಗೆ ಅನಿಸುವುದಿಲ್ಲ. ಲೆಕ್ಕವಿಲ್ಲದ ಕರುಣೆಯಲ್ಲಿ ಮಕ್ಕಳು ಕಳೆದುಹೋಗುತ್ತಾರೆ.

ದಿನ ಶುರುವಾಗುವುದು ನಾಲ್ಕೂಮುಕ್ಕಾಲಿಗೆ. ಮೊದಲ ಕೆಲಸ ಪ್ರಾರ್ಥನೆ ಅಲ್ಲ, ಹಾಸಿಗೆ. ಚಿಕ್ಕವರಲ್ಲಿ ನಾಲ್ಕೈದು ಮಂದಿ ರಾತ್ರಿ ಉಚ್ಚೆ ಹೊಯ್ದುಕೊಳ್ಳುತ್ತಾರೆ. ಹತ್ತು ವರ್ಷದವರೂ ಇದ್ದಾರೆ. ಹೊಸದಾಗಿ ಬಂದ ಮಗುವಾದರೆ ಮೂರ್ನಾಲ್ಕು ತಿಂಗಳು ಇದು ಇದ್ದದ್ದೇ. ಹಿಂದೆ ಅಂಥವರ ಹಾಸಿಗೆಯನ್ನು ಅಂಗಳದಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಣಗಿಸುತ್ತಿದ್ದರು, ನಾಚಿಕೆಯಾಗಿ ಬಿಡುತ್ತಾರೆ ಅಂತ. ನಾಚಿಕೆಯಾಯಿತು, ಬಿಡಲಿಲ್ಲ. ನಾನು ರಬ್ಬರ್ ಶೀಟು ತಂದೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಹೋಗಿ ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗುವುದು ಶುರು ಮಾಡಿದೆ. ಬೆಳಿಗ್ಗೆ ಉಳಿದವರು ಏಳುವ ಮೊದಲೇ ಒದ್ದೆಯಾದದ್ದನ್ನು ಹಿತ್ತಲಿಗೆ ಸಾಗಿಸುತ್ತೇನೆ. ಅಷ್ಟೇ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ನಿದ್ದೆ ಮಾತ್ರ ಜಾಸ್ತಿ ಹೋಗುತ್ತದೆ.

ಹನ್ನೊಂದಕ್ಕೆ ಹೋದಾಗ ಹಾಗೇ ತಲೆ ಎಣಿಸಿಕೊಂಡು ಬರುತ್ತೇನೆ. ಒಂದು ರಾತ್ರಿ ಎಣಿಸುತ್ತಿರುವಾಗ ಕತ್ತಲಲ್ಲಿ ಒಂದು ದನಿ ಬಂತು. "ನಮ್ಮಪ್ಪನೂ ಹಿಂಗ ಎಣಿಸ್ತಿದ್ದ ರೀ." ಕುರಿ ಕಾಯುವ ಮನೆಯ ಹುಡುಗಿ. ಅಪ್ಪ ತೀರಿಕೊಂಡಿದ್ದ, ಕುರಿಗಳನ್ನು ಚಿಕ್ಕಪ್ಪಂದಿರು ಹಂಚಿಕೊಂಡಿದ್ದರು. ಅವತ್ತಿಗೆ ನಾನು ಮಾತಾಡಿಸದೆ ಅವಳ ಹೊದಿಕೆ ಸರಿ ಮಾಡಿ ಬಂದೆ.

ಆಮೇಲೆ ಒಂದು ಮುಂಜಾನೆ ಇಪ್ಪತ್ತಮೂರನೇ ಕೀರ್ತನೆ ಓದುತ್ತಿದ್ದೆವು. ದೇವರನ್ನು ಕುರುಬನಿಗೆ ಹೋಲಿಸುವ ಕೀರ್ತನೆ. ನಾನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದು. ಕುರಿಯ ಮುಖ ಹತ್ತಿರದಿಂದ ನೋಡಿರಲಿಲ್ಲ ಅನ್ನುವುದು ಬೇರೆ ಮಾತು, ನಮ್ಮ ಕಡೆ ಕುರಿ ಎಲ್ಲಿಂದ ಬರಬೇಕು. ಆ ಹುಡುಗಿ ಕೈ ಎತ್ತಿದಳು. "ಅಕ್ಕೋರ, ನಮ್ಮಪ್ಪ ಕುರಿ ಚೆನ್ನಾಗಿ ನೋಡ್ಕೋತಿದ್ದ. ಆದ್ರ ಸಂತಿಗೆ ಒಯ್ದು ಮಾರ್ತಿದ್ದ. ಕೊಂಡವರು ಕೊಯ್ತಾರ. ದೇವರೂ ಹಂಗೇನ್ರೀ?" ಇಡೀ ಕೋಣೆ ನಗಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ದೇವರು ಮಾರುವುದಿಲ್ಲ ಅಂದೆ. ಅವಳು ಸ್ವಲ್ಪ ಯೋಚಿಸಿ, "ಹಂಗಾರ ಹೊಟ್ಟಿಗೆ ಏನ್ ಮಾಡ್ತಾನ?" ಅಂದಳು. ಅದಾದ ಮೇಲೆ ಆ ಕೀರ್ತನೆಯನ್ನು ನಾನು ಓದುವ ರೀತಿಯೇ ಬದಲಾಯಿತು. ಅವಳೇ ನಮಗೆ ಹೇಳಿಕೊಟ್ಟದ್ದು: ನಡೆಯಲಾಗದ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡರೆ ಮೂತ್ರ ಅಂಗಿಯ ಮೇಲೆ ಇಳಿಯುತ್ತದಂತೆ, ವಾಸನೆ ಎರಡು ದಿನ ಹೋಗುವುದಿಲ್ಲವಂತೆ. ಒಳ್ಳೆಯ ಕುರುಬನ ಚಿತ್ರಗಳಲ್ಲಿ ಯೇಸುಸ್ವಾಮಿಯ ನಿಲುವಂಗಿ ಯಾವಾಗಲೂ ಬೆಳ್ಳಗಿರುತ್ತದೆ.

ಪ್ರಾರ್ಥನೆ ಐದೂವರೆಗೆ, ಇಪ್ಪತ್ತು ನಿಮಿಷ. ಬರಲೇಬೇಕು ಅಂತ ಇಲ್ಲ. ಮೊದಲು ಇತ್ತು. ಬಾರದವರಿಗೆ ಬೆಳಗಿನ ಚಹಾ ತಡವಾಗಿ ಸಿಗುತ್ತಿತ್ತು. ನೋಡಿದರೆ ಸಣ್ಣ ವಿಷಯ. ಆದರೆ ಆರು ವರ್ಷದ ಮಗುವಿಗೆ ಅದರಿಂದ ಗೊತ್ತಾಗುವುದು ಏನು? ಪದ ಹಾಡಿದರೆ ಚಹಾ. ಮಗು ಜಾಣ ಇರುತ್ತದೆ, ಹಾಡುತ್ತದೆ. ನಾವು ಅದನ್ನು ಭಕ್ತಿ ಅಂತ ವರದಿಯಲ್ಲಿ ಬರೆಯುತ್ತೇವೆ. ಈಗ ಚಹಾ ಮೊದಲು, ಪ್ರಾರ್ಥನೆ ಆಮೇಲೆ. ಹದಿನೈದು ಇಪ್ಪತ್ತು ಮಂದಿ ಬರುತ್ತಾರೆ. ಪರೀಕ್ಷೆ ಸಮಯದಲ್ಲಿ ಮೂವತ್ತನಾಲ್ಕೂ ಬರುತ್ತಾರೆ.

ಒಂಬತ್ತು ವರ್ಷದ ಒಬ್ಬಳು ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬಂದಳು. ಸಣ್ಣ ಬೆಳ್ಳಿಯ ಕರಡಿಗೆ, ಕಪ್ಪಾದ ದಾರ. ಅಜ್ಜಿ ಕಟ್ಟಿದ್ದು. ಅಜ್ಜಿ ಸತ್ತ ಮೇಲೆ ಇಲ್ಲಿಗೆ ಬಂದಿದ್ದಳು. ಬೆಳ್ಳಿ ವಸ್ತು ಕಳೆದುಹೋಗಬಾರದು ಅಂತ ನಮ್ಮಲ್ಲೊಬ್ಬರು ಅದನ್ನು ಬಿಚ್ಚಿಸಿ ಬೀರುವಿನಲ್ಲಿ ಇಟ್ಟರು. ರಿಜಿಸ್ಟರಿನಲ್ಲಿ "ಬೆಳ್ಳಿ ಡಬ್ಬಿ 1" ಅಂತ ಬರೆದರು. ಮೂರು ದಿನ ಆ ಮಗು ಸ್ನಾನ ಆದ ಮೇಲೆ ಬರೀ ಅಂಗೈ ನೋಡುತ್ತಾ ಕೂರುತ್ತಿತ್ತು. ನನಗೆ ಅರ್ಥ ಆಗಲಿಲ್ಲ. ಅಡುಗೆಯಮ್ಮ ಹೇಳಿದಳು: "ಅಂಗೈಯಾಗ ಇಟ್ಟು ಪೂಜಿ ಮಾಡ್ಬೇಕ್ರೀ ಅಕ್ಕೋರ. ಲಿಂಗ ಬಿಟ್ಟು ನೀರೂ ಕುಡೀಬಾರ್ದು ಅಂತ ಮುದುಕಿ ಕಲಿಸಿರ್ತಾಳ." ಆ ಮಗು ಮೂರು ದಿನ ಊಟವನ್ನು ಹೇಗೆ ನುಂಗಿತೋ. ನಾನೇ ಹೋಗಿ ಬೀರು ತೆಗೆದು ಕೊಟ್ಟೆ. ಅಂಗಡಿಯಿಂದ ವಿಭೂತಿ ಗಟ್ಟಿಯನ್ನೂ ತಂದುಕೊಟ್ಟೆ.

ಇದನ್ನು ಊರಿನಲ್ಲಿ ಹೇಳಿದಾಗ ಎರಡು ಥರದ ಮಾತು ಬಂತು. ನಮ್ಮ ಸಭೆಯ ಒಬ್ಬರು "ಮಿಷನರಿ ಆಗಿ ಹೋಗಿ ವಿಭೂತಿ ಹಂಚ್ತಾ ಇದ್ದೀಯಾ ಮಾರಾಯ್ತಿ?" ಅಂದರು. ಹೊರಗಿನವರು "ಇದೆಲ್ಲ ನಾಟಕ, ಕೊನೆಗೆ ಮತಾಂತರ ಮಾಡ್ತೀರಿ" ಅಂದರು. ಇಬ್ಬರಿಗೂ ಒಂದೇ ಉತ್ತರ ಕೊಡಬೇಕು ಅನಿಸುತ್ತದೆ. ನಾನು ಯೇಸುವನ್ನು ನಂಬುತ್ತೇನೆ. ಅದನ್ನು ಮುಚ್ಚಿಟ್ಟಿಲ್ಲ, ನನ್ನ ಕೋಣೆಯಲ್ಲಿ ಶಿಲುಬೆ ಇದೆ, ಕೇಳಿದವರಿಗೆ ಹೇಳುತ್ತೇನೆ. ಆದರೆ ಅನ್ನ ಹಾಕುವ ಕೈ ನನ್ನದು, ತಿನ್ನುವ ಬಾಯಿ ಅವಳದು. ಇಷ್ಟು ಅಂತರ ಇರುವ ಕಡೆ ಅವಳು "ಹೌದು" ಅಂದರೆ ಅದು ನಂಬಿಕೆಯೋ ಹಸಿವೋ ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮಗುವಿಗೂ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ವಿಧಿ, ಇಲ್ಲ. ಹದಿನೆಂಟು ತುಂಬಿ, ಇಲ್ಲಿಂದ ಹೋಗಿ, ಸ್ವಂತ ದುಡಿದು ತಿನ್ನುವಾಗ ಏನು ಬೇಕಾದರೂ ಮಾಡಿಕೊಳ್ಳಲಿ.

ದುಡ್ಡಿನ ಕಥೆ ಹೇಳಲೇಬೇಕು. ಸಭೆಗಳಲ್ಲಿ ಜಾರ್ಜ್ ಮುಲ್ಲರ್ ಅವರ ಕಥೆ ಕೇಳದೆ ನಮ್ಮಲ್ಲಿ ಯಾರೂ ಬೆಳೆಯುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ಶುರು ಮಾಡಿದವರು. ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಸಾಕಿದ ಸಂಸ್ಥೆ. ಯಾರ ಹತ್ತಿರವೂ ಕೈ ಚಾಚದೆ ಬರೀ ಪ್ರಾರ್ಥನೆ ಮಾಡುತ್ತಿದ್ದರು, ಬೇಕಾದದ್ದು ಬರುತ್ತಿತ್ತು ಅನ್ನುವ ಕಥೆ. ನಾನೂ ಹಾಗೇ ಮಾಡಬೇಕು ಅಂದುಕೊಂಡೆ. ಎರಡನೇ ವರ್ಷ ಜೂನ್‌ನಲ್ಲಿ ಅಕ್ಕಿ, ಬೇಳೆ ಮುಗಿಯುತ್ತಾ ಬಂತು. ಜೋಳ ನಾಲ್ಕು ದಿನಕ್ಕೆ ಇತ್ತು. ನಾನು ಯಾರಿಗೂ ಹೇಳದೆ ಮೊಣಕಾಲೂರಿದೆ. ಮೂರು ದಿನ. ಮೂರನೇ ದಿನ ಬೇಳೆ ಇಲ್ಲದ ಸಾರು ಮಾಡಿದೆವು. ಮೆಣಸಿನ ನೀರು ಅನ್ನಿ. ದೊಡ್ಡ ಹುಡುಗಿಯರು ತಮ್ಮ ರೊಟ್ಟಿ ಮುರಿದು ಚಿಕ್ಕವರ ತಟ್ಟೆಗೆ ಹಾಕುವುದನ್ನು ನೋಡಿದೆ.

ಅಡುಗೆಯಮ್ಮ ನನಗೆ ಹೇಳದೆ ಎದುರಿನ ದಲ್ಲಾಳಿ ಅಂಗಡಿಗೆ ಹೋಗಿ, ಐವತ್ತು ಕೆಜಿ ಜೋಳ, ಹತ್ತು ಕೆಜಿ ತೊಗರಿಬೇಳೆ ಉದ್ರಿ ತಂದಳು. ನಾನು ಸಿಟ್ಟು ಮಾಡಿಕೊಂಡೆ. "ದೇವರು ಕೊಡ್ತಿದ್ದರು" ಅಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು, "ಕೊಟ್ಟಾನಲ್ರೀ, ಎದುರಿಗೇ ಅಂಗಡಿ ಇಟ್ಟಾನ" ಅಂದಳು. ಆ ಮೇಲೆ ನಾನು ಮುಲ್ಲರ್ ಬಗ್ಗೆ ಸರಿಯಾಗಿ ಓದಿದೆ. ಅವರು ಕೇಳುತ್ತಿರಲಿಲ್ಲ, ನಿಜ. ಆದರೆ ವರ್ಷ ವರ್ಷ ಜಮಾ ಖರ್ಚಿನ ವರದಿ ಅಚ್ಚು ಹಾಕಿಸುತ್ತಿದ್ದರು, ಪೈಸೆ ಪೈಸೆ ಲೆಕ್ಕ ಬರೆಯುತ್ತಿದ್ದರು. ಆ ಭಾಗವನ್ನು ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ.

ನನಗೆ ಜಾಸ್ತಿ ಹತ್ತಿರ ಅನಿಸುವವರು ಪಂಡಿತಾ ರಮಾಬಾಯಿ. ನಮ್ಮ ಕಾರ್ಕಳದ ಮಾಳದ ಹತ್ತಿರದ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡವರು. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಅನ್ನುವ ಮನೆ ಕಟ್ಟಿ, 1896–97ರ ಬರದಲ್ಲಿ ಸಿಕ್ಕ ನೂರಾರು ಹೆಣ್ಣುಮಕ್ಕಳನ್ನು ತಂದು ಸಾಕಿದರು. ಅವರಿಗೆ ಅಚ್ಚುಕೂಟದ ಕೆಲಸ, ನೇಯ್ಗೆ ಕಲಿಸಿದರು. ಸ್ವಂತ ಹಸಿದವರು ಕಟ್ಟಿದ ಮನೆಗೂ ಹೊಟ್ಟೆ ತುಂಬಿದವರು ಕಟ್ಟಿದ ಮನೆಗೂ ವ್ಯತ್ಯಾಸ ಇರುತ್ತದೆ ಅಂತ ನನ್ನ ಅನಿಸಿಕೆ.

2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆ ಬಿಗಿಯಾಯಿತು. ಹಣ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ. ನಮ್ಮಂಥ ಚಿಕ್ಕ ಮನೆಗಳಿಗೆ ದೊಡ್ಡ ಸಂಸ್ಥೆಗಳಿಂದ ಬರುತ್ತಿದ್ದ ಪಾಲು ನಿಂತುಹೋಯಿತು. ಆಗ ಊರಿನ ಜನರ ಹತ್ತಿರ ಹೋದೆವು. ಅವರು ಕೊಟ್ಟರು, ಇಲ್ಲ ಅನ್ನಬಾರದು. ಆದರೆ ಊರಿನ ದೇಣಿಗೆ ಬರುವುದು ಹುಟ್ಟುಹಬ್ಬದ ರೂಪದಲ್ಲಿ.

ಮಗನ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ. ನಮ್ಮ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಅವರ ಮಗ ಕೇಕ್ ಕತ್ತರಿಸುತ್ತಾನೆ, ನಮ್ಮವರು ಚಪ್ಪಾಳೆ ಹೊಡೆದು ಹಾಡಬೇಕು. ಆಮೇಲೆ ಫೋಟೋ. ಆಮೇಲೆ ಮಗನಿಗೆ ಬುದ್ಧಿಮಾತು: "ನೋಡು, ಇವರಿಗೆ ಅಪ್ಪ ಅಮ್ಮ ಇಲ್ಲ. ನೀನೆಷ್ಟು ಅದೃಷ್ಟವಂತ!" ಇದನ್ನು ಮಕ್ಕಳ ಎದುರಿಗೇ ಹೇಳುತ್ತಾರೆ. ಒಂದು ಭಾನುವಾರ ಮೂರು ಹುಟ್ಟುಹಬ್ಬ ಬಂದವು. ಮೂರನೇ ಕೇಕಿನ ಹೊತ್ತಿಗೆ ಒಬ್ಬಳು ದೊಡ್ಡ ಹುಡುಗಿ ಎದ್ದು ಹೋಗಿ ಬಚ್ಚಲಲ್ಲಿ ಚಿಲಕ ಹಾಕಿಕೊಂಡಳು. "ಕೇಕ್ ಬ್ಯಾಡ್ರೀ. ನಾ ಹಾಡಂಗಿಲ್ಲ" ಅಂತ ಒಳಗಿನಿಂದಲೇ ಕೂಗಿದಳು. ದಾನಿಗಳು ಮುಖ ಮುಖ ನೋಡಿಕೊಂಡರು. ನನ್ನ ಮೊದಲ ಯೋಚನೆ ಏನು ಗೊತ್ತಾ? ಇವರು ಮುಂದಿನ ತಿಂಗಳ ಅಕ್ಕಿ ಕೊಡುವುದಿಲ್ಲವೇನೋ ಅಂತ. ಆ ಹುಡುಗಿಗೆ ಏನಾಯಿತು ಅನ್ನುವುದು ಎರಡನೇ ಯೋಚನೆ. ಈ ಕ್ರಮ ನನಗೆ ಈಗಲೂ ಚುಚ್ಚುತ್ತದೆ.

ಅಲ್ಲಿಂದ ಹಾಡಿಸುವುದು ನಿಲ್ಲಿಸಿದೆವು. ಕೊಡುವವರು ಬೆಳಿಗ್ಗೆ ಹತ್ತು ಗಂಟೆಗೆ, ಮಕ್ಕಳು ಶಾಲೆಯಲ್ಲಿರುವಾಗ ಬರಲಿ ಅಂದೆವು. ಸಾಮಾನು ಕೊಟ್ಟು, ರಸೀದಿ ತಗೊಂಡು, ಅಡುಗೆಮನೆ ನೋಡಿ ಹೋಗಲಿ. ಆಡಳಿತ ಸಮಿತಿಯಲ್ಲಿ ಜೋರು ಜಗಳವಾಯಿತು. ಮಕ್ಕಳಿಗೆ ಕೃತಜ್ಞತೆ ಕಲಿಸಬೇಡವೇ ಅಂತ. ಮನೆಯಲ್ಲಿ ನಿಮ್ಮ ಮಕ್ಕಳು ಪ್ರತಿ ಊಟಕ್ಕೂ ನಿಮಗೆ ಹಾಡು ಹೇಳ್ತಾರಾ ಅಂತ ಕೇಳಿದೆ. ಮೂರನೇ ಒಂದು ಭಾಗ ದಾನಿಗಳು ಬಿಟ್ಟುಹೋದರು. ಆ ಕೊರತೆ ಇವತ್ತಿಗೂ ತುಂಬಿಲ್ಲ. ವಾರಕ್ಕೆ ನಾಲ್ಕು ಮೊಟ್ಟೆ ಇದ್ದದ್ದು ಎರಡಾಗಿದೆ. ಶಾಲೆಯ ಬಿಸಿಯೂಟ, ಅಲ್ಲಿ ಕೊಡುವ ಹಾಲು ಇಲ್ಲದಿದ್ದರೆ ಕಷ್ಟವಿತ್ತು.

ಎಲ್ಲರೂ ಕೇಳುವ ಪ್ರಶ್ನೆ, ನಂಬಿಕೆ ಕದಲಲಿಲ್ಲವಾ ಅಂತ. ಕದಲಿತು. ಕಜ್ಜಿ ಬಂದ ರಾತ್ರಿ ಕದಲಲಿಲ್ಲ, ಅದು ಬರೀ ದಣಿವು. ಒಬ್ಬಳಿಗೆ ಬೆರಳ ಸಂದಿಯಲ್ಲಿ ಶುರುವಾಗಿ ಹದಿನೈದು ದಿನದಲ್ಲಿ ಮನೆಯೆಲ್ಲ ಕೆರೆಯುತ್ತಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು, ಎಲ್ಲರಿಗೂ ಒಂದೇ ರಾತ್ರಿ ಹಚ್ಚಬೇಕು, ಕೆರೆಯದವರಿಗೂ. ಪರ್ಮೆಥ್ರಿನ್ ಮುಲಾಮು, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಬಿಡದೆ. ಚಿಕ್ಕವರಿಗೆ ನಾನು, ಅಡುಗೆಯಮ್ಮ ಹಚ್ಚಿದೆವು. ದೊಡ್ಡವರು ಒಬ್ಬರಿಗೊಬ್ಬರು. ಸಂಜೆ ಏಳಕ್ಕೆ ಶುರು ಮಾಡಿದ್ದು ಹತ್ತೂವರೆಗೆ ಮುಗಿಯಿತು. ಬೆಳಿಗ್ಗೆ ಸ್ನಾನ, ಎಲ್ಲ ಬಟ್ಟೆ ಹೊದಿಕೆ ಕುದಿಯುವ ನೀರಿಗೆ, ಒಗೆಯಲಾಗದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂಲೆಗೆ. ವಾರದ ಮೇಲೆ ಮತ್ತೊಮ್ಮೆ. ಅವತ್ತು ರಾತ್ರಿ ಬಟ್ಟಲಿನಲ್ಲಿ ಮುಲಾಮು ಹಿಡಿದು ಒಂದರ ಹಿಂದೆ ಒಂದು ಪುಟ್ಟ ಪಾದ ಹಿಡಿದಾಗ, ಯೇಸು ಶಿಷ್ಯರ ಪಾದ ತೊಳೆದ ಕಥೆ ನೆನಪಾಯಿತು. ಅಲ್ಲಿ ಹನ್ನೆರಡೇ ಮಂದಿ ಅಂತ ಮನಸ್ಸಿನಲ್ಲೇ ನಕ್ಕೆ.

ಕದಲಿದ್ದು ಬೇರೆ ಕಾರಣಕ್ಕೆ. ಮಕ್ಕಳು ಆದಷ್ಟೂ ಮನೆಗೆ ವಾಪಸ್ ಹೋಗಬೇಕು ಅನ್ನುವುದು ಕಾಯ್ದೆ. ನನ್ನ ಆಸೆಯೂ ಅದೇ. ಹದಿನಾಲ್ಕು ವರ್ಷದ ಒಬ್ಬಳ ಅಮ್ಮ ಬಂದಳು. ಕೆಲಸ ಸಿಕ್ಕಿದೆ, ಮಗಳನ್ನು ಕಳಿಸಿ ಅಂತ ಅತ್ತಳು. ನಾನು ಅವರ ಊರಿಗೆ ಹೋಗಿ ನೋಡಿ ಬಂದೆ. ಮನೆ ಇತ್ತು, ಶಾಲೆ ಹತ್ತಿರ ಇತ್ತು. ಅತ್ತೆಯ ಮಗ ಒಬ್ಬ ಜಗಲಿಯ ಮೇಲೆ ಕೂತಿದ್ದ. ನೋಡಿದೆ, ಯೋಚಿಸಲಿಲ್ಲ. ಕಳಿಸಬಹುದು ಅಂತ ವರದಿ ಬರೆದು ಸಹಿ ಹಾಕಿದೆ. ಏಳು ತಿಂಗಳಿಗೆ ಅವಳ ಗೆಳತಿಗೆ ಒಂದು ಫೋನ್ ಬಂತು. ಮದುವೆಯಾಗಿ ಆಗಲೇ ಒಂದು ವಾರ ಕಳೆದಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು, ಪೊಲೀಸರು ಹೋದರು. ಕರ್ನಾಟಕದಲ್ಲಿ 2016ರ ತಿದ್ದುಪಡಿ ಆದ ಮೇಲೆ ಅಂಥ ಮದುವೆ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ. ಕಾಗದದಲ್ಲಿ ಅಲ್ಲ. ಆ ಹುಡುಗಿಯ ಮುಖದಲ್ಲಿ ಆಗಿಹೋಗಿತ್ತು. ವಾಪಸ್ ಬಂದವಳು ನನ್ನನ್ನು ಅಕ್ಕೋರ ಅಂತ ಕರೆಯಲಿಲ್ಲ. "ಮೇಡಂ" ಅಂದಳು.

ಆಮೇಲೆ ಐದಾರು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಮಾಡುವ ಹಾಗೆ ಕೂತೆ. ಕಣ್ಣು ಮುಚ್ಚಿದರೆ ಜಗಲಿಯ ಮೇಲಿನ ಆ ಹುಡುಗ ಕಾಣುತ್ತಿದ್ದ. ಊರಿಗೆ ಹೋಗಿಬಿಡೋಣ ಅಂತ ಬಸ್ ಟಿಕೆಟ್ ಕೂಡ ಮಾಡಿಸಿದ್ದೆ. ಮುಂಜಾನೆ ಪ್ರಾರ್ಥನೆ ನಡೆಸಲು ಬಾಯಿ ಬರುತ್ತಿರಲಿಲ್ಲ. ದೊಡ್ಡ ಹುಡುಗಿಯರೇ ಓದಿ ಮುಗಿಸುತ್ತಿದ್ದರು. ಒಂದು ದಿನ ಅಡುಗೆಯಮ್ಮ, ವಾರಕ್ಕೊಮ್ಮೆ ದರ್ಗಾಕ್ಕೆ ಹೋಗುವ ಹೆಂಗಸು, ಚಹಾ ಲೋಟ ಕೊಡುತ್ತಾ ಅಂದಳು: "ನಿಮ್ಮ ಪಾಲಿಂದೂ ನಾನ ಬೇಡ್ಕೊಳ್ಳಾಕತ್ತೇನ್ರೀ. ನಿಮಗ ಆಗೂಮಟ ಇರ್ಲಿ." ಇದಕ್ಕೆ ನಮ್ಮ ದೇವಶಾಸ್ತ್ರದಲ್ಲಿ ಏನು ಹೆಸರು ಅಂತ ಗೊತ್ತಿಲ್ಲ. ನಾನು ಟಿಕೆಟ್ ರದ್ದು ಮಾಡಿದೆ. ಆ ಹುಡುಗಿ ಈಗ ಹೊಲಿಗೆ ಕಲಿತು ಹುಬ್ಬಳ್ಳಿಯಲ್ಲಿದ್ದಾಳೆ. ಹೊಸ ವರ್ಷಕ್ಕೆ ಮೆಸೇಜ್ ಹಾಕುತ್ತಾಳೆ. ಈಗಲೂ ಮೇಡಂ ಅಂತಲೇ.

ಈ ಸಲದ ಪಂಚಮಿ ಬಗ್ಗೆ ಬರೆದು ನಿಲ್ಲಿಸುತ್ತೇನೆ. ನಮ್ಮ ಕರಾವಳಿಯಲ್ಲಿ ನಾಗರ ಪಂಚಮಿ ಅಂದರೆ ನಾಗಬನ, ನಾಗನಿಗೆ ಹಾಲೆರೆಯುವ ತನು, ಅಷ್ಟೇ. ಈ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ತವರಿಗೆ ಕರೆದುಕೊಂಡು ಹೋಗುತ್ತಾನೆ. ಉಂಡಿ ಕಟ್ಟುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಆ ವಾರ ಗೇಟಿನ ಹತ್ತಿರ ಯಾವಾಗಲೂ ಯಾರಾದರೂ ಸುಮ್ನೆ ನಿಂತಿರುತ್ತಾರೆ. ಕೆಲವರಿಗೆ ಬರುತ್ತಾರೆ, ಕೆಲವರಿಗೆ ಬರುವುದಿಲ್ಲ. ಹಾಗಾಗಿ ಏಳೆಂಟು ವರ್ಷದಿಂದ ಕಾಂಪೌಂಡಿನ ಬೇವಿನ ಮರಕ್ಕೆ ನಾವೇ ಜೋಕಾಲಿ ಕಟ್ಟುತ್ತೇವೆ. ಮಿಷನ್ ಜಾಗದಲ್ಲಿ ಹಿಂದೂ ಹಬ್ಬ ಯಾಕೆ ಅಂತ ಆಡಳಿತ ಸಮಿತಿಯಲ್ಲಿ ಒಮ್ಮೆ ಕೇಳಿದರು. ಹಗ್ಗಕ್ಕೆ ಧರ್ಮ ಇಲ್ಲ ಅಂದುಬಿಟ್ಟೆ. ಅದು ಪೂರ್ತಿ ನಿಜವಲ್ಲ ಅಂತ ನನಗೂ ಗೊತ್ತು.

ಈ ವರ್ಷ ಹಬ್ಬದ ಹಿಂದಿನ ದಿನ ಒಬ್ಬಳು ಬಂದಳು. ಹಿಂದೆ ಬಚ್ಚಲಲ್ಲಿ ಚಿಲಕ ಹಾಕಿಕೊಂಡಿದ್ದಳಲ್ಲ, ಅವಳೇ. ಈಗ ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸ. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಊಟಕ್ಕೆ ಕೂತು ಮೂರು ರೊಟ್ಟಿ ತಿಂದು, "ಇನ್ನೂ ದಪ್ಪನ ಬಡೀತೀರಲ್ರೀ ಅಕ್ಕೋರ" ಅಂದಳು. ಚಿಕ್ಕವರ ಜೊತೆ ಜೋಕಾಲಿ ಆಡಿದಳು. ರಾತ್ರಿ ಎಲ್ಲ ಮಲಗಿದ ಮೇಲೆ ಆಫೀಸ್ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡಳು.

"ನನ್ನ ಫೈಲ್ ನೋಡಬೇಕ್ರೀ."

ಬೀರು ತೆಗೆದೆ. ನಾನು ಬರುವ ಮೊದಲೇ ಈ ಮನೆಗೆ ಬಂದವಳು. ಆಗಿನವರು ಜಾಸ್ತಿ ಬರೆದಿಟ್ಟಿಲ್ಲ. ಒಂದೇ ಹಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು, ಸುಮಾರು ಮೂರು ವರ್ಷ, ಎಡ ಮೊಣಕಾಲಿನ ಮೇಲೆ ಸುಟ್ಟ ಗಾಯದ ಕಲೆ, ಹಸಿರು ಫ್ರಾಕ್. ತಂದೆಯ ಹೆಸರು, ತಾಯಿಯ ಹೆಸರು, ಎರಡರ ಮುಂದೆಯೂ ಗೆರೆ. ಕೆಳಗೆ ದೊಡ್ಡದಾಗಿ "ಅನಾಥೆ" ಅಂತ ಬರೆದು ಅಡಿಗೆರೆ ಎಳೆದಿದ್ದರು. ಹಾಳೆಯನ್ನು ಅವಳು ಬಹಳ ಹೊತ್ತು ನೋಡಿದಳು.

"ಇದನ್ನ ಯಾರು ಡಿಸೈಡ್ ಮಾಡಿದ್ರು? ಯಾರಾದ್ರೂ ಹುಡುಕಿದ್ರೇನ್ರೀ?"

ಹುಡುಕಿದ್ದಕ್ಕೆ ಹಾಳೆಯಲ್ಲಿ ಏನೂ ಇರಲಿಲ್ಲ. ಇಲ್ಲ ಅಂತ ಕಾಣುತ್ತೆ ಅಂದೆ. ಕಲೆ ಇದ್ದ ಮೊಣಕಾಲನ್ನು ಅವಳು ಲಂಗದ ಮೇಲಿನಿಂದಲೇ ಒಮ್ಮೆ ಒತ್ತಿಕೊಂಡಳು. ಆಮೇಲೆ ಜೆರಾಕ್ಸ್ ಬೇಕು ಅಂದಳು. ಹಾಗೆ ನಾನು ಕೊಡುವ ಹಾಗಿಲ್ಲ, ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಬರೆ, ನಾಳಿದ್ದು ನಾನೇ ತಗೊಂಡು ಹೋಗ್ತೇನೆ ಅಂದೆ. ಬಿಳಿ ಹಾಳೆ, ಪೆನ್ನು ಕೊಟ್ಟೆ. ಅವಳು ಮೇಲೆ ತಾರೀಕು ಹಾಕಿ, "ಇವರಿಗೆ" ಅಂತ ಬರೆದಳು. ಹನ್ನೊಂದಾಗಿತ್ತು. ನಾನು ಟಾರ್ಚ್ ತಗೊಂಡು ಮಕ್ಕಳನ್ನು ಎಣಿಸಲು ಎದ್ದೆ.